ನ್ಯೂಸ್‌ಲೆಟರ್‌ಗೆ ಏನು ಬರೆಯೋದು? ಕೈಕೆಲಸದ ಸಣ್ಣ ವ್ಯಾಪಾರದವರು ವಿಷಯ ಹುಡುಕುವ ದಾರಿ

ಮೇಳದಲ್ಲಿ ಮೇಜು ಹಾಕಿಕೊಂಡು ಕೂತರೆ ನನ್ನ ಬಾಯಿ ನಿಲ್ಲುವುದೇ ಇಲ್ಲ. ಯಾರೋ ಒಂದು ಸೋಪು ಎತ್ತಿ ಮೂಸಿ ನೋಡುತ್ತಾರೆ. "ಇದು ಬೇಗ ಕರಗಿ ಹೋಗುತ್ತಾ?" ಅಂತ ಕೇಳುತ್ತಾರೆ. ಅಷ್ಟೇ ಸಾಕು, ಹತ್ತು ನಿಮಿಷ ಸೋಪು ಪುರಾಣ. ಅದೇ ನಾನು ರಾತ್ರಿ ಗಿರಾಕಿಗಳಿಗೆ ಮೇಲ್‌ನಲ್ಲಿ ಕಳಿಸುವ ನ್ಯೂಸ್‌ಲೆಟರ್ ಬರೆಯಲು ಲ್ಯಾಪ್‌ಟಾಪ್ ತೆರೆದರೆ ಬಾಯಿಗೆ ಬೀಗ. ಕೊನೆಗೆ "ಹೊಸ ಮಾಲು ಬಂದಿದೆ, ನೋಡಿ" ಅಂತ ನಾಲ್ಕು ಸಾಲು ಗೀಚಿ, ಎರಡು ಫೋಟೋ ಅಂಟಿಸಿ ಕಳಿಸಿಬಿಡುತ್ತಿದ್ದೆ. ಮುಂದಿನ ತಿಂಗಳೂ ಅದೇ ಮೇಲ್, ಫೋಟೋ ಮಾತ್ರ ಬೇರೆ.

ಯಾಕೆ ಹೀಗೆ ಅಂತ ಯೋಚಿಸಿದರೆ ಕಾರಣ ತೀರಾ ಸರಳ. ಮೇಳದಲ್ಲಿ ಎದುರಿಗೆ ಕೇಳುವವರಿರುತ್ತಾರೆ. ಖಾಲಿ ಪರದೆ ಏನನ್ನೂ ಕೇಳುವುದಿಲ್ಲ. ನಮಗೆ ವಿಷಯಕ್ಕೆ ಬರ ಇಲ್ಲ, ಕೇಳುವವರು ಕಣ್ಣಮುಂದೆ ಇಲ್ಲ ಅಷ್ಟೇ. ಹಾಗಾಗಿ ನಾನು ಈಗ "ಐಡಿಯಾ ಹೊಳೆಯಲಿ" ಅಂತ ಕೂರುವುದಿಲ್ಲ. ಪ್ರಶ್ನೆಗಳನ್ನು ಮೊದಲೇ ಕೂಡಿಟ್ಟುಕೊಂಡಿರುತ್ತೇನೆ. ಅದನ್ನು ಹೇಗೆ ಮಾಡೋದು ಅಂತ ಒಂದೊಂದಾಗಿ ಹೇಳುತ್ತೇನೆ. ನಾನು ಮಾಡುವುದು ಸೋಪು ಮತ್ತು ಮೇಣದಬತ್ತಿ. ನೀವು ಹೆಣಿಗೆ, ಮಣ್ಣಿನ ಕೆಲಸ, ಬೆಳ್ಳಿ ಆಭರಣ, ಮರದ ಕೆಲಸ ಏನೇ ಮಾಡಿದರೂ ದಾರಿ ಇದೇ.

ಮೊದಲು ಹಳೆಯ ಮೆಸೇಜ್‌ಗಳನ್ನು ತೆರೆಯಿರಿ

ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಕಳೆದ ಆರು ತಿಂಗಳಲ್ಲಿ ಗಿರಾಕಿಗಳು ಕಳಿಸಿದ ಮೇಲ್, ವಾಟ್ಸಾಪ್ ಮೆಸೇಜ್, ಇನ್‌ಸ್ಟಾಗ್ರಾಂ ಮಾತುಕತೆ ಎಲ್ಲ ತೆರೆದು ನೋಡಿ. ಪ್ರಶ್ನೆ ಇರುವ ಸಾಲನ್ನು ಮಾತ್ರ ಎತ್ತಿ ಒಂದು ಕಡೆ ಬರೆದುಕೊಳ್ಳಿ. ಅವರು ಕೇಳಿದ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. "ಬಾಳಿಕೆಯ ಬಗ್ಗೆ ವಿಚಾರಣೆ" ಅಂತ ಬರೆದುಕೊಂಡರೆ ಒಂದು ವಾರ ಬಿಟ್ಟು ನಿಮಗೇ ಅರ್ಥವಾಗದು. "ಇದು ಬೇಗ ಕರಗಿ ಹೋಗುತ್ತಾ?" ಅಂತಿದ್ದರೆ ಉತ್ತರ ತಾನಾಗಿ ಬಾಯಿಗೆ ಬರುತ್ತದೆ.

ಮೊದಲ ಸಲ ಹೀಗೆ ಮಾಡಿದಾಗ ನನ್ನ ಪಟ್ಟಿಯಲ್ಲಿ ಇಂಥವು ಸಿಕ್ಕವು.

"ಮೇಣದಬತ್ತಿ ಮಧ್ಯದಲ್ಲಿ ಮಾತ್ರ ಕರಗಿ ಗುಂಡಿ ಬೀಳುತ್ತೆ, ಸುತ್ತ ಮೇಣ ಹಾಗೇ ಉಳಿಯುತ್ತೆ, ಯಾಕೆ?" ಇದಕ್ಕೆ ಉತ್ತರ ಮೊದಲ ಸಲ ಹಚ್ಚುವಾಗಲೇ ಇದೆ. ಡಬ್ಬಿಯಲ್ಲಿರುವ ಮೇಣದಬತ್ತಿಯನ್ನು ಮೊದಲ ಸಲ ಹಚ್ಚಿದಾಗ ಮೇಲ್ಮೈಯ ಮೇಣ ಅಂಚಿನವರೆಗೂ ಕರಗಲು ಬಿಡಬೇಕು. ಅಗಲ ಒಂದು ಇಂಚಿಗೆ ಸುಮಾರು ಒಂದು ಗಂಟೆ ಅನ್ನುವುದು ನಮ್ಮ ಕೆಲಸದಲ್ಲಿ ಎಲ್ಲರೂ ಹೇಳುವ ಅಂದಾಜು ಲೆಕ್ಕ. ಅರ್ಧ ಗಂಟೆಗೇ ಆರಿಸಿಬಿಟ್ಟರೆ ಮುಂದಿನ ಸಲವೂ ಅದು ಅಷ್ಟೇ ಅಗಲಕ್ಕೆ ಕರಗುತ್ತಾ ಕೆಳಕ್ಕೆ ಇಳಿಯುತ್ತದೆ.

"ಸೋಪಿಗೆ ಕಾಸ್ಟಿಕ್ ಸೋಡಾ ಹಾಕ್ತೀರಂತೆ, ಹೌದಾ?" ಈ ಪ್ರಶ್ನೆ ಬಂದಾಗಲೆಲ್ಲ ಕೇಳುವವರ ಮುಖದಲ್ಲಿ ಸಣ್ಣ ಭಯ ಇರುತ್ತದೆ. ಹೌದು, ಹಾಕುತ್ತೇವೆ. ಅದಿಲ್ಲದೆ ಎಣ್ಣೆ ಸೋಪಾಗುವುದಿಲ್ಲ. ಅಳತೆ ಸರಿಯಿದ್ದರೆ ಸೋಡಾ ಪೂರ್ತಿ ಎಣ್ಣೆಯ ಜೊತೆ ಸೇರಿ ಸೋಪಾಗಿಬಿಡುತ್ತದೆ, ಕೊನೆಯಲ್ಲಿ ಉಳಿಯುವುದಿಲ್ಲ. ಇದನ್ನು ಬರೆದಾಗ ನನಗೆ ಸ್ವಲ್ಪ ಅಳುಕಿತ್ತು, ಹೆದರಿಸಿದ ಹಾಗಾಗುತ್ತಾ ಅಂತ. ಆಗಲಿಲ್ಲ. ಮುಚ್ಚಿಟ್ಟಿದ್ದರೇ ಹೆದರುತ್ತಿದ್ದರು ಅನ್ನಿಸುತ್ತದೆ.

ನಿಮ್ಮ ಕೆಲಸದಲ್ಲೂ ಇಂಥ ಪ್ರಶ್ನೆಗಳು ಇದ್ದೇ ಇವೆ. ಬೆಳ್ಳಿ ಕೆಲಸದವರನ್ನು "ಕಪ್ಪಾಗುತ್ತಲ್ಲ, ಶುದ್ಧ ಬೆಳ್ಳಿ ಅಲ್ವಾ?" ಅಂತ ಕೇಳುತ್ತಾರೆ. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಅಸಲಿ ಬೆಳ್ಳಿಯೇ ಕಪ್ಪಾಗುತ್ತದೆ. 925 ಅಂತ ಮುದ್ರೆ ಇದ್ದರೆ ಅದರಲ್ಲಿ ನೂರಕ್ಕೆ 92.5 ಭಾಗ ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಹೆಣೆಯುವವರನ್ನು "ಅದೇ ಬಣ್ಣದ ಉಲ್ಲನ್ ಮತ್ತೆ ತಂದರೂ ಯಾಕೆ ಹೊಂದಲ್ಲ?" ಅಂತ ಕೇಳುತ್ತಾರೆ. ಒಂದೊಂದು ಸಲ ಬಣ್ಣ ಅದ್ದಿದ್ದಕ್ಕೂ ಒಂದೊಂದು ಲಾಟ್ ನಂಬರ್ ಇರುತ್ತದೆ, ನಂಬರ್ ಬೇರೆಯಾದರೆ ಛಾಯೆಯೂ ತುಸು ಬೇರೆ. ನಮಗೆ ಇದೆಲ್ಲ ತೀರಾ ಗೊತ್ತಿರುವ ಮಾತು. ಹಾಗಾಗಿಯೇ ಬರೆಯುವಷ್ಟು ದೊಡ್ಡ ವಿಷಯ ಅಲ್ಲ ಅನ್ನಿಸುತ್ತದೆ. ಕೊಳ್ಳುವವರಿಗೆ ಇದು ಹೊಸದು.

ಒಂದು ಪ್ರಶ್ನೆ, ಒಂದು ಮೇಲ್. ಐದು ಪ್ರಶ್ನೆ ಸೇರಿಸಿ ಒಂದೇ ಮೇಲ್ ಮಾಡಿದರೆ ಐದು ತಿಂಗಳ ವಿಷಯ ಒಂದೇ ದಿನಕ್ಕೆ ಖರ್ಚು. ನಾನು ಈ ತಪ್ಪು ಮಾಡಿದ್ದೇನೆ. "ನೀವು ಕೇಳಿದ 12 ಪ್ರಶ್ನೆಗಳು" ಅಂತ ಉದ್ದದ ಮೇಲ್ ಕಳಿಸಿ, ಮುಂದಿನ ತಿಂಗಳು ಮತ್ತೆ ಖಾಲಿ ಕೈ.

ಕೆಲಸದ ಮೇಜಿನ ಪಕ್ಕ ಒಂದು ಪುಸ್ತಕ

ಪ್ರಶ್ನೆಗಳ ಪಟ್ಟಿ ವಿಷಯಕ್ಕೆ ಒಂದು ಮೂಲ. ಇನ್ನೊಂದು ನಿಮ್ಮ ಕೈ. ದಿನಾ ನೀವು ಮಾಡುವ ಕೆಲಸದಲ್ಲೇ ಎಷ್ಟೋ ಕತೆಗಳು ಹುಟ್ಟಿ ಸಂಜೆಯೊಳಗೆ ಮರೆತುಹೋಗುತ್ತವೆ. ಅದಕ್ಕೆ ಒಂದು ಅಗ್ಗದ ನೋಟ್‌ಬುಕ್ ಸಾಕು. ಫೋನಿನಲ್ಲಿ ಬರೆದುಕೊಳ್ಳುತ್ತೇನೆ ಅನ್ನುವವರು ಬರೆದುಕೊಳ್ಳಲಿ. ನನ್ನ ಕೈಗೆ ಸದಾ ಎಣ್ಣೆ ಮೆತ್ತಿರುತ್ತದೆ, ಅದಕ್ಕೆ ಪೆನ್ಸಿಲ್ಲೇ ಸರಿ.

ಕೆಲಸ ಮುಗಿಸಿ ಏಳುವ ಮುಂಚೆ ಒಂದೇ ಒಂದು ಸಾಲು. ಇವತ್ತು ಏನು ಕೆಟ್ಟಿತು, ಏನು ಅಂದುಕೊಳ್ಳದೆ ಚೆನ್ನಾಗಿ ಬಂತು, ಯಾವ ಸಾಮಾನು ಖಾಲಿಯಾಯಿತು, ಏನು ನೋಡಿ ನಗು ಬಂತು, ಇದರಲ್ಲಿ ಯಾವುದಾದರೂ ಒಂದು. ಏನೂ ಇಲ್ಲದಿದ್ದರೆ "ಏನೂ ಇಲ್ಲ" ಅಂತ ಬರೆಯಿರಿ. ಅಭ್ಯಾಸ ತಪ್ಪಬಾರದು ಅಷ್ಟೇ. ಜೊತೆಗೆ ಫೋನಿನಲ್ಲಿ ಒಂದು ಫೋಟೋ. ಚೆಂದದ ಫೋಟೋ ಬೇಕಿಲ್ಲ, ಮೇಜು ಹೇಗಿದೆಯೋ ಹಾಗೆ.

ಇದರಲ್ಲಿ ಅತಿ ಹೆಚ್ಚು ಬೆಲೆ ಬಾಳುವುದು ಕೆಟ್ಟದ್ದರ ಸಾಲು. ಒಂದು ಸಲ ನಾನು ಅಚ್ಚ ಬಿಳಿ ಸೋಪು ಮಾಡಬೇಕು ಅಂತ ಹೊರಟೆ. ಸುವಾಸನೆಗೆ ವೆನಿಲ್ಲಾ ಹಾಕಿದೆ. ಅಚ್ಚಿನಿಂದ ತೆಗೆದಾಗ ಹಾಲು ಬಿಳುಪು. ಒಂದು ವಾರ ಬಿಟ್ಟು ನೋಡಿದರೆ ಅಂಚು ಕಂದು, ಇನ್ನೊಂದು ವಾರಕ್ಕೆ ಪೂರ್ತಿ ಕಂದು. ವೆನಿಲ್ಲಾ ಸುವಾಸನೆಯಲ್ಲಿರುವ ವೆನಿಲಿನ್ ಸೋಪನ್ನು ಹೀಗೆ ಕಂದು ಮಾಡುತ್ತದೆ, ಇದು ಸೋಪು ಮಾಡುವವರಿಗೆಲ್ಲ ಗೊತ್ತಿರಬೇಕಾದ ಸಂಗತಿ. ನನಗೆ ಆಗ ಗೊತ್ತಿರಲಿಲ್ಲ! ಮೂರು ಫೋಟೋ ಪಕ್ಕಪಕ್ಕ ಇಟ್ಟು "ಬಿಳಿ ಸೋಪು ಮಾಡಲು ಹೋಗಿ" ಅಂತ ಮೇಲ್ ಕಳಿಸಿದೆ. ಅದುವರೆಗೆ ಯಾವ ರಿಯಾಯಿತಿ ಮೇಲ್‌ಗೂ ಬರದಷ್ಟು ಉತ್ತರ ಬಂದವು. ಕೆಲವರು ಆ ಕಂದು ಸೋಪನ್ನೇ ಬೇಕು ಅಂದರು.

ಎಲ್ಲ ತಪ್ಪನ್ನೂ ಹೇಳಿಕೊಳ್ಳಿ ಅಂತಲ್ಲ. ಗಿರಾಕಿಯ ಆರ್ಡರ್ ತಡವಾದದ್ದು, ಒಡೆದು ತಲುಪಿದ್ದು ಇವೆಲ್ಲ ಆ ಗಿರಾಕಿಗೆ ನೇರವಾಗಿ ಹೇಳಿ ಸರಿಪಡಿಸುವ ವಿಷಯ, ನ್ಯೂಸ್‌ಲೆಟರ್‌ಗೆ ಅಲ್ಲ. ಮೇಜಿನ ಮೇಲೆ ಕೆಟ್ಟದ್ದನ್ನು ಬರೆಯಿರಿ.

ಒಂದು ವಸ್ತುವನ್ನು ತುಂಡು ತುಂಡು ಮಾಡಿ

"ನಾವು ಹೇಗೆ ತಯಾರಿಸುತ್ತೇವೆ" ಅಂತ ಆರಂಭದಿಂದ ಕೊನೆಯವರೆಗೆ ಒಂದೇ ಮೇಲ್‌ನಲ್ಲಿ ಹೇಳುವ ಆಸೆ ಎಲ್ಲರಿಗೂ ಇರುತ್ತದೆ. ಅದನ್ನು ತಡೆದುಕೊಳ್ಳಿ. ನೀವು ಮಾಡುವ ಒಂದು ವಸ್ತುವನ್ನು ಆರಿಸಿ, ಅದರ ತಯಾರಿಯ ಹಂತಗಳನ್ನೆಲ್ಲ ಬರೆಯಿರಿ. ನಂತರ ಪ್ರತಿ ಹಂತದ ಎದುರು, ಹೊರಗಿನವರು ನೋಡಿದರೆ "ಅರೆ!" ಅನ್ನುವಂಥದ್ದು ಏನಿದೆ ಅಂತ ಹುಡುಕಿ. ಎಲ್ಲ ಹಂತದಲ್ಲೂ ಇರುವುದಿಲ್ಲ. ಇರುವ ಹಂತಗಳೇ ನಿಮ್ಮ ಮೇಲ್‌ಗಳು.

ಇಂಡಿಗೋ ಬಣ್ಣ ಅದ್ದುವವರನ್ನು ತೆಗೆದುಕೊಳ್ಳಿ. ಬಟ್ಟೆಯನ್ನು ತೊಟ್ಟಿಯಿಂದ ಮೇಲೆತ್ತಿದಾಗ ಅದು ನೀಲಿಯಾಗಿರುವುದಿಲ್ಲ, ಹಳದಿ ಮಿಶ್ರಿತ ಹಸಿರಾಗಿರುತ್ತದೆ. ಗಾಳಿ ತಾಗಿದಂತೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಅದೇ ಒಂದು ಮೇಲ್, ಮೂರು ಫೋಟೋ, ಹತ್ತು ಸಾಲು. ಮಣ್ಣಿನ ಕೆಲಸದವರು ಪಾತ್ರೆಗೆ ಬಳಿಯುವ ಗಾಜಿನಂಥ ಲೇಪ, ಅಂದರೆ ಕೋಬಾಲ್ಟ್ ಗ್ಲೇಝ್‌ನ ಕತೆಯೂ ಹಾಗೇ. ಕೋಬಾಲ್ಟ್ ಕಾರ್ಬೊನೇಟ್ ಹಾಕಿದ ಗ್ಲೇಝ್ ಸುಡುವ ಮುಂಚೆ ತಿಳಿ ನೇರಳೆಯಾಗಿ ಕಾಣುತ್ತದೆ, ಸುಟ್ಟು ಹೊರಬಂದಾಗ ಕಡು ನೀಲಿ. ಇನ್ನೊಂದು ಮೇಲ್‌ಗೆ, ಹಸಿ ಬಟ್ಟಲು ಮತ್ತು ಸುಟ್ಟ ಬಟ್ಟಲನ್ನು ಅಕ್ಕಪಕ್ಕ ಇಟ್ಟು ತೋರಿಸಿ. ಮಣ್ಣಿನ ಬಗೆ ನೋಡಿಕೊಂಡು ಸುಮಾರು ಹತ್ತನೇ ಒಂದು ಭಾಗದಷ್ಟು ಕುಗ್ಗಿರುತ್ತದೆ. ಕುಗ್ಗುವುದನ್ನು ಲೆಕ್ಕ ಹಾಕಿ ದೊಡ್ಡದಾಗೇ ಮಾಡಬೇಕು ಅನ್ನುವುದು ಕೊಳ್ಳುವವರಿಗೆ ಹೇಗೆ ಗೊತ್ತಿರಬೇಕು?

ನನಗೆ ಸೋಪಿನಲ್ಲಿ ಸಿಕ್ಕಿದ್ದು ಕಾಯುವ ಹಂತ. ಬಿಸಿ ಮಾಡದೆ ತಯಾರಿಸುವ ಸೋಪನ್ನು ಕತ್ತರಿಸಿದ ಮೇಲೆ 4ರಿಂದ 6 ವಾರ ಗಾಳಿಯಾಡುವ ಕಡೆ ಸುಮ್ನೆ ಇಡುತ್ತೇವೆ. ನೀರಿನ ಅಂಶ ಆರಿ ಸೋಪು ಗಟ್ಟಿಯಾಗುತ್ತದೆ, ಆಮೇಲೆ ಬಚ್ಚಲಲ್ಲಿ ಬೇಗ ಕರಗುವುದಿಲ್ಲ. ಮೇಳದಲ್ಲಿ ಕೇಳುವ ಆ ಮೊದಲ ಪ್ರಶ್ನೆಗೆ ಇದೇ ಉತ್ತರ. ಒಂದೇ ಸೋಪನ್ನು ವಾರಕ್ಕೊಮ್ಮೆ ತೂಕ ಮಾಡಿ ನಂಬರ್ ಬರೆದಿಟ್ಟೆ. ಇಳಿಯುತ್ತಾ ಹೋದ ಆ ನಂಬರ್‌ಗಳ ಪಟ್ಟಿಯೇ ಒಂದು ಇಡೀ ಮೇಲ್ ಆಯಿತು. ಬರೆಯುವ ಕಷ್ಟವೇ ಇರಲಿಲ್ಲ.

ಕ್ಯಾಲೆಂಡರನ್ನು ಹಿಂದಕ್ಕೆ ಎಣಿಸಿ

ಉಡುಗೊರೆ ಕೊಡುವ ಕಾಲ ಬಂದಾಗ ಎಲ್ಲರೂ ಒಟ್ಟಿಗೆ ಮೇಲ್ ಕಳಿಸುತ್ತಾರೆ. ಆ ವಾರ ನಿಮ್ಮ ಮೇಲ್ ಕಾಣುವುದೇ ಕಷ್ಟ. ಅದಕ್ಕೆ ಉಡುಗೊರೆ ಕೈ ಸೇರಬೇಕಾದ ದಿನದಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ತಲುಪಲು ಒಂದು ವಾರ. ಪ್ಯಾಕಿಂಗ್‌ಗೆ ಒಂದೆರಡು ದಿನ. ಸೋಪು ಒಣಗಲು 6 ವಾರ. ಅಂದರೆ ನಾನು ಸುಮಾರು 8 ವಾರ ಮೊದಲೇ ಅಚ್ಚಿಗೆ ಸುರಿದಿರಬೇಕು. ಈ ಲೆಕ್ಕದಲ್ಲೇ ಮೂರು ಮೇಲ್‌ಗಳು ಕೂತಿವೆ ನೋಡಿ. ಸುರಿದ ದಿನ "ಇವತ್ತು ಸುರಿದೆ, ಸುವಾಸನೆ ಇವು" ಅಂತ ಒಂದು. ಅರ್ಧ ಒಣಗಿದಾಗ ಒಂದು. "ಇಂಥ ದಿನದೊಳಗೆ ಆರ್ಡರ್ ಕೊಟ್ಟರೆ ಸಮಯಕ್ಕೆ ತಲುಪುತ್ತದೆ" ಅಂತ ಕೊನೆಯದು. ಆ ಕೊನೆಯ ಮೇಲ್ ಎಲ್ಲಕ್ಕಿಂತ ಚಿಕ್ಕದಾಗಿರಲಿ. ದಿನಾಂಕ, ಕೊಂಡಿ, ನಮಸ್ಕಾರ.

ಎರಡು ತಿಂಗಳಿಂದ ಆ ಸೋಪು ಒಣಗುವುದನ್ನು ನೋಡಿಕೊಂಡು ಬಂದವರು ಕೊನೆಯ ಮೇಲ್ ಬಂದಾಗ ಹೊಸದಾಗಿ ಯೋಚಿಸಬೇಕಿಲ್ಲ.

ಇಷ್ಟೆಲ್ಲ ಮಾಡಿಯೂ ಒಂದು ತಿಂಗಳು ಏನೂ ಸಿಗದೆ ಹೋದರೆ, ಚಟ್ಟನೆ ಎತ್ತಿಕೊಳ್ಳಲು ಕೆಲವು: ನೀವು ಮಾಡಿದ ಮೊದಲ ವಸ್ತು ಮತ್ತು ಇವತ್ತಿನದ್ದು ಪಕ್ಕಪಕ್ಕ, ನಿಮ್ಮ ಅತಿ ಹಳೆಯ ಉಪಕರಣ, ಎರಡು ಬಣ್ಣ ತೋರಿಸಿ "ಯಾವುದು ಮಾಡಲಿ?" ಅಂತ ಕೇಳುವುದು, ಇನ್ನು ಮುಂದೆ ಮಾಡದ ವಿನ್ಯಾಸಕ್ಕೆ ವಿದಾಯ, ಗಿರಾಕಿ ಮನೆಯಲ್ಲಿ ನಿಮ್ಮ ವಸ್ತು ಇರುವ ಫೋಟೋ, ಅವರನ್ನು ಕೇಳಿಕೊಂಡೇ.

ವಿಷಯ ಸಿಕ್ಕಿತು, ಈಗ ಮೇಲ್

ಬರೆಯುವ ಮುಂಚೆ ನನ್ನನ್ನೇ ಒಂದು ಮಾತು ಕೇಳಿಕೊಳ್ಳುತ್ತೇನೆ. ಈ ಸಲ ಏನೂ ಕೊಳ್ಳದವರಿಗೆ ಈ ಮೇಲ್‌ನಿಂದ ಏನಾದರೂ ಸಿಗುತ್ತಾ? ಒಂದು ಸಣ್ಣ ಉಪಯೋಗದ ಮಾತು, ಒಂದು ನಗು, ಅಥವಾ ನೋಡಲು ಒಂದು ಚೆಂದದ ಚಿತ್ರ? ಏನೂ ಇಲ್ಲದಿದ್ದರೆ ಅದು ಜಾಹೀರಾತು. ಜಾಹೀರಾತು ತಪ್ಪಲ್ಲ, ನಾವು ವ್ಯಾಪಾರಕ್ಕೇ ಕೂತಿರುವುದು. ಆದರೆ ನಾಲ್ಕರಲ್ಲಿ ಒಂದು ಸಾಕು ಅನ್ನುವುದು ನನ್ನ ಲೆಕ್ಕ.

ಸೊಗಸಾಗಿ ಬರೆಯಬೇಕು ಅಂತ ತಿಣುಕಬೇಡಿ. ನನಗೆ ಉಪಯೋಗಕ್ಕೆ ಬಂದ ಉಪಾಯ ಹೇಳುತ್ತೇನೆ. ಪ್ರಶ್ನೆ ಕೇಳಿದ ಆ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ, ಎರಡು ನಿಮಿಷ. ಆಮೇಲೆ ಅದನ್ನು ಕೇಳಿ ಬರೆದುಕೊಂಡು, ಬೇಡದ್ದನ್ನು ತೆಗೆಯಿರಿ. "ನಮ್ಮ ಮೌಲ್ಯಯುತ ಗ್ರಾಹಕರೇ" ಅಂತ ಯಾರೂ ಬಾಯಲ್ಲಿ ಹೇಳುವುದಿಲ್ಲ, ಹಾಗಾಗಿ ಅದು ತಾನೇ ಬಿಟ್ಟುಹೋಗುತ್ತದೆ.

ಉದಾಹರಣೆಗೆ ಬತ್ತಿಯ ಬಗ್ಗೆ ನಾನು ಕಳಿಸಿದ ಮೇಲ್ ಹೀಗಿತ್ತು:

"ನಮಸ್ಕಾರ. ಮೇಣದಬತ್ತಿ ಹಚ್ಚಿದಾಗ ಡಬ್ಬಿಯ ಗಾಜು ಮಸಿ ಹಿಡಿಯುತ್ತೆ ಅಂತ ಈ ತಿಂಗಳು ಮೂರು ಜನ ಕೇಳಿದರು. ತಪ್ಪು ಮೇಣದ್ದಲ್ಲ, ಬತ್ತಿಯ ಉದ್ದದ್ದು. ಪ್ರತಿ ಸಲ ಹಚ್ಚುವ ಮುಂಚೆ ಬತ್ತಿಯನ್ನು ಕಾಲು ಇಂಚಿಗೆ, ಅಂದರೆ ಸುಮಾರು 6 ಮಿಲಿಮೀಟರ್‌ಗೆ ಕತ್ತರಿಸಿ. ಜ್ವಾಲೆ ಸಣ್ಣಗೆ ನೇರವಾಗಿ ನಿಲ್ಲುತ್ತೆ, ಮಸಿ ಕಡಿಮೆ. ಕತ್ತರಿಸಿದ ಚೂರು ಮೇಣದ ಮೇಲೆ ಬಿದ್ದರೆ ತೆಗೆದುಬಿಡಿ. ಕೆಳಗಿನ ಫೋಟೋದಲ್ಲಿ ಎಡಗಡೆ ಉದ್ದ ಬತ್ತಿ, ಬಲಗಡೆ ಕತ್ತರಿಸಿದ್ದು. ನೀವು ಬತ್ತಿಯನ್ನು ಯಾವುದರಿಂದ ಕತ್ತರಿಸುತ್ತೀರಿ? ಉತ್ತರ ಬರೆಯಿರಿ."

ಅಷ್ಟೇ. ಓದಲು ಒಂದು ನಿಮಿಷ ಕೂಡ ಬೇಡ. ಕೊನೆಯಲ್ಲಿ ಕೇಳಿದ್ದು ಒಂದೇ ಒಂದು ಸಂಗತಿ. "ಇಲ್ಲಿ ಒತ್ತಿ, ಅಲ್ಲಿ ಫಾಲೋ ಮಾಡಿ, ಇದನ್ನು ಹಂಚಿ" ಅಂತ ಮೂರು ಕೆಲಸ ಹೇಳಿದರೆ ಒಂದನ್ನೂ ಮಾಡುವುದಿಲ್ಲ.

ಸಬ್ಜೆಕ್ಟ್ ಲೈನನ್ನು ಕೊನೆಗೆ ಬರೆಯಿರಿ. ಫೋನಿನ ಪರದೆಯಲ್ಲಿ ಸುಮಾರು 30ರಿಂದ 40 ಅಕ್ಷರ ಮಾತ್ರ ಕಾಣುತ್ತದೆ, ಉಳಿದದ್ದು ಚುಕ್ಕೆಗಳಾಗಿ ಮರೆಯಾಗುತ್ತದೆ. ಹಾಗಾಗಿ ಮುಖ್ಯ ಪದ ಮುಂದೆ ಇರಲಿ. "ಮಾರ್ಚ್ ತಿಂಗಳ ನ್ಯೂಸ್‌ಲೆಟರ್, ಸಂಚಿಕೆ 7" ಅಂತ ಬರೆದರೆ ಕಾಣುವ ಜಾಗವೆಲ್ಲ ಅದಕ್ಕೇ ಹೋಯಿತು. "ಗಾಜು ಮಸಿ ಹಿಡಿಯುತ್ತಾ?" ಅಂದರೆ ಮಸಿ ಹಿಡಿದ ಡಬ್ಬಿ ಮನೆಯಲ್ಲಿರುವವರೆಲ್ಲ ತೆರೆಯುತ್ತಾರೆ. ನಿಮ್ಮ ಪಟ್ಟಿಯಲ್ಲಿ ಬರೆದಿಟ್ಟ ಪ್ರಶ್ನೆಯೇ ಎಷ್ಟೋ ಸಲ ಒಳ್ಳೆಯ ಸಬ್ಜೆಕ್ಟ್ ಲೈನ್ ಆಗುತ್ತದೆ. ತಿದ್ದದೆ ಬರೆದುಕೊಳ್ಳಿ ಅಂದದ್ದು ಅದಕ್ಕೂ.

ಮೇಲ್ ತೀರಾ ಉದ್ದವಾಗದಿರಲಿ ಅನ್ನಲು ಒಂದು ತಾಂತ್ರಿಕ ಕಾರಣವೂ ಇದೆ. ಚಿತ್ರಗಳನ್ನು ಬಿಟ್ಟು, ಮೇಲ್‌ನ ಒಳಗಿನ ಕೋಡ್ 102 ಕೆಬಿ ದಾಟಿದರೆ ಜಿಮೇಲ್ ಉಳಿದ ಭಾಗವನ್ನು ಮುಚ್ಚಿಡುತ್ತದೆ. ಅನ್‌ಸಬ್‌ಸ್ಕ್ರೈಬ್ ಕೊಂಡಿ, ಅಂದರೆ ಪಟ್ಟಿಯಿಂದ ಹೊರಹೋಗುವ ದಾರಿ, ಸಾಮಾನ್ಯವಾಗಿ ತಳದಲ್ಲೇ ಇರುತ್ತದೆ. ಅದು ಕಾಣದಿದ್ದರೆ ಬೇಸತ್ತವರು ಸ್ಪ್ಯಾಮ್, ಅಂದರೆ ಬೇಡದ ಮೇಲ್, ಅನ್ನುವ ಗುಂಡಿ ಒತ್ತುತ್ತಾರೆ.

ಕೇಳಿದವರಿಗೇ ಕಳಿಸಿ

1978ರ ಮೇ ತಿಂಗಳಲ್ಲಿ ಅಮೆರಿಕದ ಒಂದು ಕಂಪ್ಯೂಟರ್ ಕಂಪನಿಯವರು ಇಂಟರ್‌ನೆಟ್‌ಗಿಂತ ಮುಂಚಿನ ಅರ್ಪಾನೆಟ್ ಜಾಲದಲ್ಲಿ ಸುಮಾರು 400 ಜನಕ್ಕೆ ಒಟ್ಟಿಗೆ ಜಾಹೀರಾತು ಮೇಲ್ ಕಳಿಸಿದರು. ಅದನ್ನು ಮೊದಲ ಸ್ಪ್ಯಾಮ್ ಅನ್ನುತ್ತಾರೆ. ಬೈಗುಳ ಆಗಲೇ ಶುರುವಾಗಿತ್ತು. ಯಾರೂ ಕೇಳದ ಉತ್ತರ ಅದು, ಬೈದದ್ದರಲ್ಲಿ ಆಶ್ಚರ್ಯವಿಲ್ಲ.

ಯಾವತ್ತೋ ಒಂದು ಮೆಸೇಜ್ ಕಳಿಸಿದವರ ವಿಳಾಸವನ್ನೆಲ್ಲ ಎತ್ತಿ ಪಟ್ಟಿಗೆ ತುಂಬಬೇಡಿ. "ನ್ಯೂಸ್‌ಲೆಟರ್ ಕಳಿಸಲಾ?" ಅಂತ ಕೇಳಿ, ಹೌದು ಅಂದವರಿಗೆ ಮಾತ್ರ. ಹೊರದೇಶಕ್ಕೆ ಮಾರುವವರು ಮರ್ಯಾದೆಯ ಜೊತೆಗೆ ಅಲ್ಲಿನ ಕಾನೂನನ್ನೂ ನೋಡಿಕೊಳ್ಳಬೇಕು. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆಯ ಪ್ರಕಾರ ವ್ಯಾಪಾರದ ಮೇಲ್‌ನಲ್ಲಿ ಹೊರಹೋಗುವ ದಾರಿ ಮತ್ತು ನಿಮ್ಮ ಅಂಚೆ ವಿಳಾಸ ಎರಡೂ ಇರಬೇಕು. ಯುರೋಪಿನಲ್ಲಿ 2018ರಿಂದ ಜನರ ಖಾಸಗಿ ಮಾಹಿತಿ ಕಾಪಾಡುವ ಜಿಡಿಪಿಆರ್ ಕಾನೂನು ಜಾರಿಯಲ್ಲಿದೆ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಕೂಡ ಸಗಟಾಗಿ ಮೇಲ್ ಕಳಿಸುವವರಿಗೆ ನಿಯಮ ಬಿಗಿ ಮಾಡಿವೆ. ಒಂದೇ ಒತ್ತಿಗೆ ಹೊರಹೋಗುವಂತಿರಬೇಕು, ಸ್ಪ್ಯಾಮ್ ದೂರು 0.3 ಶೇಕಡಾ ಮುಟ್ಟಬಾರದು. ಅಂದರೆ ಸಾವಿರಕ್ಕೆ ಮೂರು ದೂರು. ಜಿಮೇಲ್ ಸಗಟು ಅನ್ನುವುದು ದಿನಕ್ಕೆ 5000 ಮೇಲ್‌ನಿಂದ. ನಮ್ಮಂಥವರು ಆ ಲೆಕ್ಕಕ್ಕೆ ಬರುವುದಿಲ್ಲ. ಆದರೂ ನಾನು ಅದನ್ನೇ ಪಾಲಿಸುತ್ತೇನೆ.

ಎಷ್ಟು ದಿನಕ್ಕೊಮ್ಮೆ ಕಳಿಸಬೇಕು ಅನ್ನುವುದಕ್ಕೆ ತಿಂಗಳಿಗೊಂದು ಅಂತ ನನ್ನ ಉತ್ತರ. ವಾರಕ್ಕೊಂದು ಅಂತ ಶುರು ಮಾಡಿ ಐದನೇ ವಾರ ನಿಲ್ಲಿಸಿದವರನ್ನು ನೋಡಿದ್ದೇನೆ. ಆರು ತಿಂಗಳು ಸುಮ್ಮನಿದ್ದು ಒಮ್ಮೆಲೇ ಕಳಿಸಿದರೆ "ಇವರು ಯಾರು?" ಅಂತ ಮರೆತಿರುತ್ತಾರೆ.

ಕಳಿಸಿದ ಮೇಲೆ

ಎಷ್ಟು ಜನ ತೆರೆದರು ಅನ್ನುವ ನಂಬರ್ ನೋಡಿ ಕುಣಿಯುವುದೂ ಬೇಡ, ಅಳುವುದೂ ಬೇಡ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಖಾಸಗಿತನದ ಹೊಸ ಏರ್ಪಾಡು ತಂದಿತು. ಓದುಗರು ಮೇಲ್ ತೆರೆಯಲಿ ಬಿಡಲಿ, ಚಿತ್ರಗಳನ್ನು ಅದೇ ಮೊದಲೇ ಇಳಿಸಿಕೊಳ್ಳುತ್ತದೆ. ತೆರೆದದ್ದನ್ನು ಎಣಿಸುವುದು ಒಂದು ಕಣ್ಣಿಗೆ ಕಾಣದ ಚಿತ್ರದ ಮೂಲಕ ಆದ್ದರಿಂದ, ತೆರೆಯದವರೂ ತೆರೆದವರ ಲೆಕ್ಕಕ್ಕೆ ಸೇರುತ್ತಾರೆ. ನಾನು ನೋಡುವುದು ಎರಡೇ. ಕೊಂಡಿ ಒತ್ತಿದವರು ಎಷ್ಟು, ವಾಪಸ್ ಬರೆದವರು ಎಷ್ಟು. ಎರಡನೆಯದೇ ನನಗೆ ಜಾಸ್ತಿ ಮುಖ್ಯ, ಯಾಕೆಂದರೆ ಮುಂದಿನ ವಿಷಯ ಅಲ್ಲೇ ಇರುತ್ತದೆ.

ಬತ್ತಿಯ ಮೇಲ್‌ಗೆ ಒಂಬತ್ತು ಉತ್ತರ ಬಂದವು. ಕತ್ತರಿ ಅಂದವರು ಐದು ಜನ. ಬೆರಳಿಂದಲೇ ಚಿವುಟಿ ತೆಗೆಯುತ್ತೇನೆ ಅಂದವರು ಮೂವರು. ಒಬ್ಬರು ಮಾತ್ರ, ಡಬ್ಬಿ ಆಳವಾಗಿದ್ದರೆ ಕತ್ತರಿ ಒಳಗೆ ಹೋಗುವುದಿಲ್ಲ, ನಾನು ಉಗುರು ಕತ್ತರಿಸುವ ನೇಲ್ ಕಟರ್ ಬಳಸುತ್ತೇನೆ ಅಂತ ಬರೆದಿದ್ದರು. ನಾನೂ ತಂದು ಪರೀಕ್ಷೆ ಮಾಡಿದೆ. ಕತ್ತರಿಗಿಂತ ಚೆನ್ನಾಗಿ ಕೆಲಸ ಮಾಡಿತು. ಅವರನ್ನು ಕೇಳಿಕೊಂಡು ಮುಂದಿನ ತಿಂಗಳು ಅದನ್ನೇ ಬರೆದೆ. ಸಬ್ಜೆಕ್ಟ್ ಲೈನ್: "ಮೇಣದಬತ್ತಿಗೆ ನೇಲ್ ಕಟರ್!"